ಸೂಜಿ ಮುಗಿದ ಮೇಲಿನ ಏಳು ಗುಟುಕು

ಕೊಪ್ಪಳ ಜಿಲ್ಲೆಯ ಉಪಕೇಂದ್ರವೊಂದಕ್ಕೆ ಕಿರಿಯ ಮಹಿಳಾ ಆರೋಗ್ಯ ಸಹಾಯಕಿಯಾಗಿ ಸೇರಿದ ಹೊಸದರಲ್ಲಿ, ಗುರುವಾರದ ಲಸಿಕಾ ದಿನವೆಂದರೆ ನನಗೆ ಐಸ್ ಪ್ಯಾಕ್, ಲಸಿಕೆಯ ಬಾಟಲಿ ಮತ್ತು ಸಿರಿಂಜುಗಳ ಲೆಕ್ಕವಷ್ಟೇ ಆಗಿತ್ತು. ಲಸಿಕೆಯ ಡಬ್ಬಿಯ ಹೊರಗೆ, ಬಿಸಿಲು ತಾಗದಂತೆ ಚೀಲದೊಳಗೆ ಇಟ್ಟುಕೊಂಡು ಬರುತ್ತಿದ್ದ 100 ಮಿ.ಲೀ. ವಿಟಮಿನ್ ಎ ಬಾಟಲಿಯನ್ನು ನಾನು ಲಸಿಕೆಯ ಸಾಲಿನಲ್ಲಿ ಸೇರಿಸುತ್ತಲೇ ಇರಲಿಲ್ಲ. ಅದು ತಪ್ಪೆಂದು ತಿಳಿಯಲು ನನಗೆ ಎರಡು ವರ್ಷ ಬೇಕಾಯಿತು.

ವಿಟಮಿನ್ ಎ ಕುಡಿಸುವ ಕ್ರಮವೇನೋ ಸರಳವಾಗಿದೆ. ಒಂಬತ್ತು ತಿಂಗಳು ತುಂಬಿದ ಮಗುವಿಗೆ ದಡಾರ-ರುಬೆಲ್ಲಾ ಲಸಿಕೆಯ ಜೊತೆಗೆ 1 ಮಿ.ಲೀ., ಅಂದರೆ ಒಂದು ಲಕ್ಷ ಯೂನಿಟ್. ಹದಿನಾರರಿಂದ ಹದಿನೆಂಟು ತಿಂಗಳಿನಲ್ಲಿ ಬೂಸ್ಟರ್ ಲಸಿಕೆಗಳ ಜೊತೆಗೆ 2 ಮಿ.ಲೀ.; ಅಲ್ಲಿಂದ ಐದು ವರ್ಷದವರೆಗೆ ಆರಾರು ತಿಂಗಳಿಗೊಮ್ಮೆ 2 ಮಿ.ಲೀ. ಹೀಗೆ ಒಟ್ಟು ಒಂಬತ್ತು ಡೋಸ್, ಹದಿನೇಳು ಲಕ್ಷ ಯೂನಿಟ್. 1970ರಲ್ಲಿ ಈ ಕಾರ್ಯಕ್ರಮ ದೇಶದಲ್ಲಿ ಆರಂಭವಾದಾಗ ಉದ್ದೇಶ ಕುರುಡುತನವನ್ನು ತಡೆಯುವುದಾಗಿತ್ತು. ಮೊದಲ ಡೋಸನ್ನು ದಡಾರದ ಲಸಿಕೆಗೆ ಜೋಡಿಸಿದ್ದಕ್ಕೂ ಅರ್ಥವಿದೆ: ನಮ್ಮ ಕಡೆ ಗೊಬ್ಬರ ಎನ್ನುವ ಆ ಕಾಯಿಲೆ ಮೈಯಲ್ಲಿರುವ ವಿಟಮಿನ್ ಎ ಅನ್ನು ಬರಿದುಮಾಡುತ್ತದೆ, ಮೊದಲೇ ಕೊರತೆಯಿದ್ದ ಮಗುವಿನ ಕಣ್ಣುಗುಡ್ಡೆಯ ಮೇಲೆ ಹುಣ್ಣಾಗಿ ದೃಷ್ಟಿಯೇ ಹೋಗಬಹುದು.

ಒಂದು ಗುರುವಾರ ಬಾಟಲಿಯ ಜೊತೆ ಬರುವ ಪ್ಲಾಸ್ಟಿಕ್ ಚಮಚ ಕಾಣೆಯಾಯಿತು. ಒಳಗೆ 1 ಮಿ.ಲೀ.ಗೆ ಒಂದು ಗೆರೆ, ತುಂಬಿದರೆ 2 ಮಿ.ಲೀ. ಆಗುವ ಚಮಚ ಅದು. ಅಂಗನವಾಡಿ ಸಹಾಯಕಿ ಒಳಗಿನಿಂದ ಚಹಾದ ಚಮಚ ತಂದು, "ಅಕ್ಕೋರ, ಇದರಾಗ ಕೊಡ್ರಿ, ಎಲ್ಲಾ ಒಂದ ಅಳತಿ" ಎಂದರು. ಹೊರಗೆ ಹನ್ನೊಂದು ತಾಯಂದಿರು ಕಾಯುತ್ತಿದ್ದರು, ನನಗೂ ಅವಸರವಿತ್ತು. ಆದರೂ ಆ ಚಮಚದ ತುಂಬ ನೀರು ತೆಗೆದುಕೊಂಡು, ಸೂಜಿಯಿಲ್ಲದ ಹೊಸ ಸಿರಿಂಜಿನಿಂದ ಎಳೆದು ನೋಡಿದಾಗ ಅದು ನಾಲ್ಕು ಮಿ.ಲೀ. ದಾಟಿತು. 1 ಮಿ.ಲೀ. ಸಿಗಬೇಕಾದ ಮಗುವಿಗೆ ನಾಲ್ಕು ಪಟ್ಟು! 2001ರಲ್ಲಿ ಅಸ್ಸಾಮಿನ ಅಭಿಯಾನದಲ್ಲಿ 2 ಮಿ.ಲೀ. ಚಮಚದ ಬದಲು 5 ಮಿ.ಲೀ. ಅಳತೆಯ ಪುಟ್ಟ ಲೋಟ ಬಳಸಿದ್ದು, ಮಕ್ಕಳು ಅಸ್ವಸ್ಥರಾಗಿ ಊರೂರಿನಲ್ಲಿ ಭಯ ಹಬ್ಬಿದ್ದು ತರಬೇತಿಯಲ್ಲಿ ಕೇಳಿದ ಮಾತಾಗಿತ್ತು. ಅದರ ಅರ್ಥ ಆ ನೀರನ್ನು ಅಳೆದಾಗ ಹೊಳೆಯಿತು. ಅಂದು ಎಲ್ಲ ಮಕ್ಕಳಿಗೂ ಬೇರೆ ಬೇರೆ ಹೊಸ ಸಿರಿಂಜಿನಿಂದಲೇ ಅಳೆದು ಕುಡಿಸಿದೆ. ಮರುವಾರದಿಂದ ಚಮಚವನ್ನು ದಾರದಿಂದ ಬಾಟಲಿಯ ಕುತ್ತಿಗೆಗೆ ಕಟ್ಟಿದ್ದೇನೆ. ತೆರೆದ ಬಾಟಲಿಯನ್ನು ಆರರಿಂದ ಎಂಟು ವಾರದೊಳಗೆ ಮುಗಿಸಬೇಕಾದ್ದರಿಂದ, ಪ್ಲಾಸ್ಟರ್ ಪಟ್ಟಿಯ ಮೇಲೆ ತೆರೆದ ದಿನಾಂಕ ಬರೆದು ಅದಕ್ಕೇ ಅಂಟಿಸುತ್ತೇನೆ.

ಕುಡಿಸುವುದರಲ್ಲೂ ನಾನೊಂದು ಕ್ರಮ ಮಾಡಿಕೊಂಡಿದ್ದೇನೆ. ಮೊದಲು ಗುಟುಕು, ಆಮೇಲೆ ಸೂಜಿ. ಸೂಜಿ ಚುಚ್ಚಿಸಿಕೊಂಡು ಅಳುತ್ತಿರುವ ಮಗುವಿನ ಬಾಯಿಗೆ ಜಿಡ್ಡಾದ ದ್ರಾವಣ ಸುರಿದರೆ ಅದು ನೆತ್ತಿಗೆ ಹತ್ತುತ್ತದೆ, ಅರ್ಧ ಸೀರೆಗೆ ಬೀಳುತ್ತದೆ, ಎಷ್ಟು ಒಳಗೆ ಹೋಯಿತೆಂದು ಯಾರೂ ಹೇಳಲಾರರು. ಒಂದೆರಡು ದಿನ ವಾಂತಿಯಾಗಬಹುದು, ಎಳೆಗೂಸಿನ ನೆತ್ತಿ ಸ್ವಲ್ಪ ಉಬ್ಬಬಹುದು, ಅದು ತಾನಾಗಿಯೇ ಇಳಿಯುತ್ತದೆ ಎಂಬುದನ್ನು ತಾಯಿಗೆ ಮೊದಲೇ ಹೇಳದಿದ್ದರೆ, ಮುಂದಿನ ಬಾರಿ ಆಕೆ ಗುಟುಕಿಗಷ್ಟೇ ಅಲ್ಲ, ಲಸಿಕೆಗೂ ಬರುವುದಿಲ್ಲ.

ನಿಜವಾದ ಕಷ್ಟ ಶುರುವಾಗುವುದು ಮೂರನೇ ಡೋಸಿನಿಂದ. ಮೊದಲಿನ ಎರಡು ಲಸಿಕೆಯ ಬೆನ್ನೇರಿ ತಾವಾಗಿಯೇ ಬಂದುಬಿಡುತ್ತವೆ. ಬೂಸ್ಟರ್ ಮುಗಿದ ಮೇಲೆ ಐದು ವರ್ಷದವರೆಗೆ ವಾಡಿಕೆಯ ಲಸಿಕೆ ಯಾವುದೂ ಇಲ್ಲದ್ದರಿಂದ ಉಳಿದ ಏಳು ಗುಟುಕುಗಳಿಗೆ ಹಿಡಿದು ತರುವವರೇ ಇಲ್ಲ. "ಸೂಜಿ ಇಲ್ಲಂದಮ್ಯಾಗ ನಾವ್ಯಾಕ ಬರಬೇಕವ್ವಾ?" ಎಂದು ಅಜ್ಜಿಯೊಬ್ಬರು ಕೇಳಿದಾಗ ನನ್ನ ಬಳಿ ಚಟ್ಟನೆ ಉತ್ತರವಿರಲಿಲ್ಲ. ನನ್ನ ರಿಜಿಸ್ಟರಿನಲ್ಲೂ ಮೊದಲೆರಡು ಕಾಲಂ ತುಂಬಿದ್ದವು, ಮೂರರಿಂದಾಚೆ ಹೊಲದಲ್ಲಿ ಅಲ್ಲೊಂದು ಇಲ್ಲೊಂದು ಮೊಳೆತ ಸಜ್ಜೆಯಂತಿತ್ತು.

ನಾನು ಹೊಸ ರಿಜಿಸ್ಟರ್ ತೆರೆಯಲಿಲ್ಲ, ಇರುವವೇ ಸಾಕಾಗಿದ್ದವು. ಅಂಗನವಾಡಿಯಲ್ಲಿ ಪ್ರತಿ ತಿಂಗಳು ಮಕ್ಕಳ ತೂಕ ಬರೆಯುವ ಪುಸ್ತಕದ ಅಂಚಿನಲ್ಲೇ ಗೆರೆ ಎಳೆದು ಡೋಸಿನ ಸಂಖ್ಯೆ ಬರೆಯತೊಡಗಿದೆ. ವರ್ಷದ ಎರಡು ಸುತ್ತುಗಳ ನಡುವೆ ಆರು ತಿಂಗಳು ಕಾಯ್ದುಕೊಂಡೇ, ಒಂದನ್ನು ಜನ ಗುಳೆ ಹೋಗುವ ಮೊದಲು, ಇನ್ನೊಂದನ್ನು ಯುಗಾದಿಗೆ ಮರಳಿದ ಮೇಲೆ ಬರುವಂತೆ ಹೊಂದಿಸಿದೆವು. ಆಶಾ ಕಾರ್ಯಕರ್ತೆ ಹಿಂದಿನ ಸಂಜೆಯೇ ಓಣಿ ಸುತ್ತಿ ಹೆಸರು ಹಿಡಿದು ಕರೆಯುತ್ತಿದ್ದರು. ಆದರೂ ಬೆಂಗಳೂರಿನಲ್ಲೋ ಗೋವೆಯಲ್ಲೋ ಕಟ್ಟಡದ ಕೆಲಸಕ್ಕಿರುವವರ ಮಕ್ಕಳು ತಪ್ಪುತ್ತಲೇ ಇದ್ದರು. ಡೋಸಿನ ದಿನಾಂಕ ಬರೆಯುವ ‘ತಾಯಿ ಕಾರ್ಡ್’ ಅನ್ನು, ಕಳೆದುಹೋದೀತೆಂಬ ಹೆದರಿಕೆಯಿಂದ, ಊರಿನ ಪೆಟ್ಟಿಗೆಯಲ್ಲೇ ಬಿಟ್ಟು ಹೋಗುತ್ತಿದ್ದರು. ರೇಷನ್ ಕಾರ್ಡ್ ಇಡುವ ಪ್ಲಾಸ್ಟಿಕ್ ಚೀಲದಲ್ಲೇ ಇದನ್ನೂ ಇಟ್ಟುಕೊಂಡು ಹೋಗಿರೆಂದು ಮನೆಮನೆಗೆ ಹೇಳಿದೆವು. ಬೇರೆ ಊರಿನಲ್ಲಿ ಇತ್ತೀಚೆಗೆ ಕುಡಿಸಿದ್ದಾರೋ ಇಲ್ಲವೋ ಎಂಬ ಅನುಮಾನವಿದ್ದ ಮಗುವಿಗೆ ನಾನು ಕುಡಿಸುವುದಿಲ್ಲ. ಮುಂದಿನ ಸುತ್ತಿಗೆ ಬಿಡುತ್ತೇನೆ.

ಇಷ್ಟೆಲ್ಲ ದುಡಿದ ಮೇಲೂ ಈ ಡೋಸ್ ಎಲ್ಲ ಮಕ್ಕಳಿಗೂ ಬೇಕೇ ಎಂಬ ಚರ್ಚೆ ತಜ್ಞರ ನಡುವೆ ಇದೆ, ಅದು ಹುರುಳಿಲ್ಲದ್ದೇನಲ್ಲ. ಅಮೆರಿಕದ ಕಣ್ಣಿನ ವೈದ್ಯ ಆಲ್ಫ್ರೆಡ್ ಸಾಮರ್ ಅವರ ತಂಡ ಇಂಡೋನೇಷ್ಯಾದ ‘ಆಚೆ’ ಎಂಬ ಪ್ರಾಂತ್ಯದಲ್ಲಿ ನಡೆಸಿ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಡೋಸ್ ಕೊಟ್ಟ ಹಳ್ಳಿಗಳಲ್ಲಿ ಮಕ್ಕಳ ಸಾವು ಸುಮಾರು ಮೂರನೇ ಒಂದರಷ್ಟು ಕಡಿಮೆಯಿತ್ತು. ಉತ್ತರ ಪ್ರದೇಶದ ಸುಮಾರು ಹತ್ತು ಲಕ್ಷ ಮಕ್ಕಳನ್ನು ಒಳಗೊಂಡು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವ್ಯತ್ಯಾಸ ಶೇ. 4ರಷ್ಟು ಮಾತ್ರ ಕಂಡಿತು. 2016–18ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯ ಪ್ರಕಾರ ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ವಿಟಮಿನ್ ಎ ಕೊರತೆ ಇರುವುದು ಶೇ. 18ರಷ್ಟು. ನುಗ್ಗೆ ಸೊಪ್ಪು, ಪಪ್ಪಾಯಿ, ಮೊಟ್ಟೆ ದಿನವೂ ಸಿಗುವ ಮನೆಗೆ ನನ್ನ ಚಮಚದ ಅಗತ್ಯ ಅಷ್ಟಿಲ್ಲವೆಂದು ನಾನೂ ಒಪ್ಪುತ್ತೇನೆ. ಆದರೆ ತಟ್ಟೆಯಲ್ಲಿ ಬರೀ ರೊಟ್ಟಿ, ಖಾರ ಇರುವ ಮನೆ ಯಾವುದೆಂದು ಸಮೀಕ್ಷೆಗಿಂತ ಚೆನ್ನಾಗಿ ನಮ್ಮ ಆಶಾಗೆ ಗೊತ್ತು.

ಈ ಯುಗಾದಿಯ ಮರುವಾರ, ಗೋವೆಯಿಂದ ಮರಳಿದ ತಾಯಿಯೊಬ್ಬಳು ಮೂರೂವರೆ ವರ್ಷದ ಮಗನನ್ನು ಕರೆತಂದು, ಕೇಳುವ ಮೊದಲೇ ಪ್ಲಾಸ್ಟಿಕ್ ಚೀಲ ಬಿಚ್ಚಿದಳು. ಕಾರ್ಡು ಮಡಿಕೆಯಲ್ಲಿ ಹರಿದಿತ್ತು, ಐದನೇ ಡೋಸಿನ ದಿನಾಂಕ ಮಾತ್ರ ಓದಲು ಬರುತ್ತಿತ್ತು. ಆರು ತಿಂಗಳು ತುಂಬಿ ಒಂಬತ್ತು ದಿನವಾಗಿತ್ತು. ಹುಡುಗ ಸೂಜಿ ಇದೆಯೇ ಎಂದು ನನ್ನ ಎರಡೂ ಕೈ ನೋಡಿ, ಇಲ್ಲವೆಂದು ಖಾತ್ರಿಯಾದ ಮೇಲೆ ಬಾಯಿ ತೆರೆದ.