ವಸತಿ ಸಮುಚ್ಚಯದ ಫೋಟೋ: ಓರೆ ಬಿಸಿಲು, ನೆಟ್ಟಗಿನ ಗೆರೆ, ಮುಸ್ಸಂಜೆ

ಅಪಾರ್ಟ್‌ಮೆಂಟ್ ಕಟ್ಟಡದ ಮುಂದೆ ನಿಂತಾಗ ನಾನು ಮೊದಲು ನೋಡುವುದು ಬಾಲ್ಕನಿಗಳ ಆಳ. ಒಂದೇ ಅಳತೆಯ ಮನೆಗಳನ್ನು ಒಂದರ ಮೇಲೊಂದು ಪೇರಿಸಿದ ಗೋಡೆಗೆ ಜೀವ ಬರುವುದು ಆ ಗೂಡುಗಳೊಳಗಿನ ನೆರಳಿನಿಂದಲೇ. ಬಿಸಿಲು ಎದುರಿನಿಂದ ಬಿದ್ದರೆ ಎಲ್ಲ ಚಪ್ಪಟೆ. ಗೋಡೆಯನ್ನು ಸವರಿಕೊಂಡು 20ರಿಂದ 40 ಡಿಗ್ರಿ ಓರೆಯಲ್ಲಿ ಬಂದರೆ ಪ್ರತಿ ಸ್ಲ್ಯಾಬಿನ ಅಂಚೂ ಎದ್ದು ಕಾಣುತ್ತದೆ. ಆ ಹೊತ್ತು ಯಾವುದೆಂದು ಸೂರ್ಯನ ದಾರಿ ತೋರಿಸುವ ಆ್ಯಪ್ ಹೇಳುತ್ತದೆ. ಎದುರು ಕಟ್ಟಡದ ನೆರಳು ಕೆಳಮಹಡಿಗಳನ್ನು ನುಂಗುತ್ತದೆಯೇ ಎಂಬುದನ್ನು ಮಾತ್ರ ಹಿಂದಿನ ದಿನ ಅದೇ ಹೊತ್ತಿಗೆ ಹೋಗಿಯೇ ನೋಡಬೇಕು.

ಕ್ಯಾಮೆರಾವನ್ನು ಮೇಲಕ್ಕೆ ಬಾಗಿಸಿದರೆ ಕಟ್ಟಡ ಹಿಂದಕ್ಕೆ ವಾಲುತ್ತದೆ. ಸಾಫ್ಟ್‌ವೇರ್‌ನಲ್ಲಿ ಸರಿಪಡಿಸಬಹುದು, ಆದರೆ ಮೇಲಿನ ಮಹಡಿಗಳು ಹಿಗ್ಗಿ ವಿವರ ಮಸುಕಾಗುತ್ತದೆ, ಅಂಚುಗಳೂ ಕತ್ತರಿಸಿಹೋಗುತ್ತವೆ. ನಾನು ಬಳಸುವುದು 24 ಮಿ.ಮೀ. ಶಿಫ್ಟ್ ಲೆನ್ಸ್, ಅಂದರೆ ಕ್ಯಾಮೆರಾ ಬಾಗಿಸದೆಯೇ ಮೇಲಕ್ಕೋ ಕೆಳಕ್ಕೋ ಸರಿಸಬಹುದಾದ ಲೆನ್ಸ್. ಫುಲ್ ಫ್ರೇಮ್ (36×24 ಮಿ.ಮೀ. ಸೆನ್ಸರಿನ) ಕ್ಯಾಮೆರಾವನ್ನು ಸಮಮಟ್ಟದಲ್ಲಿ ಉದ್ದುದ್ದ ನಿಲ್ಲಿಸಿ ಲೆನ್ಸನ್ನು 10 ಮಿ.ಮೀ. ಮೇಲಕ್ಕೆ ಸರಿಸಿದರೆ, 20 ಮೀಟರ್ ದೂರದಿಂದ ಲೆನ್ಸಿನ ಮಟ್ಟಕ್ಕಿಂತ 23 ಮೀಟರ್ ಎತ್ತರದವರೆಗೂ ಸಿಗುತ್ತದೆ. ಮಹಡಿಗೆ 3 ಮೀಟರ್ ಎಂದರೆ ಏಳು ಮಹಡಿ, ಮೇಲೊಂದಿಷ್ಟು ಆಕಾಶ. ಶಿಫ್ಟ್ ಲೆನ್ಸ್ ಇಲ್ಲದಿದ್ದರೆ ಇನ್ನೂ ವೈಡ್ ಲೆನ್ಸಿನಲ್ಲಿ ಕ್ಯಾಮೆರಾ ಬಾಗಿಸದೆ ತೆಗೆದು, ಕೆಳಗಿನ ಖಾಲಿ ನೆಲವನ್ನು ಕತ್ತರಿಸಿ. ಪಿಕ್ಸೆಲ್ ಹೋದರೂ ಗೆರೆ ನೆಟ್ಟಗೇ ಉಳಿಯುತ್ತದೆ. ಇನ್ನೂ ಎತ್ತರದ ಕಟ್ಟಡಕ್ಕೆ ಶಿಫ್ಟ್ ಹೆಚ್ಚಿಸುತ್ತಾ ಹೋಗಬೇಡಿ, ತುದಿ ಅಸಹಜವಾಗಿ ಎಳೆದಂತಾಗುತ್ತದೆ. ಎದುರು ಕಟ್ಟಡದ ಮೂರನೆಯ ಅಥವಾ ನಾಲ್ಕನೆಯ ಮಹಡಿಯಿಂದ ತೆಗೆಯಲು ಅನುಮತಿ ಕೇಳುವುದೇ ಮೇಲು.

ಪ್ರತಿಫಲನ ತಗ್ಗಿಸಿ ಆಕಾಶವನ್ನು ಕಡುವಾಗಿಸುವ ಪೋಲರೈಸರ್ ಫಿಲ್ಟರನ್ನು ವೈಡ್ ಲೆನ್ಸಿಗೆ ನಾನು ಹಾಕುವುದಿಲ್ಲ. ನೀಲಿ ಆಕಾಶ ಒಂದು ಕಡೆ ಕಡುವಾಗಿ, ಇನ್ನೊಂದು ಕಡೆ ತಿಳಿಯಾಗಿ ಬರುತ್ತದೆ.

ನನಗೆ ಅತಿ ಮುಖ್ಯವಾದದ್ದು ಮುಸ್ಸಂಜೆಯ ಚಿತ್ರ. ಇದು ಮನೆಗಳ ಕಟ್ಟಡ, ಕಚೇರಿಯಲ್ಲ ಎಂದು ತಿಳಿಯುವುದು ದೀಪ ಹತ್ತಿದಾಗಲೇ. ಸೂರ್ಯ ಮುಳುಗಿ ಸುಮಾರು 15ರಿಂದ 30 ನಿಮಿಷದೊಳಗೆ ಆಕಾಶದ ಬೆಳಕೂ ಕಿಟಕಿಯ ಬೆಳಕೂ ಸರಿಸಮ ಬರುತ್ತವೆ. ಭೂಮಧ್ಯರೇಖೆಗೆ ಹತ್ತಿರವಾದಷ್ಟೂ ಈ ಅವಧಿ ಕಿರಿದು. ಎಲ್ಲ ಮನೆಯವರೂ ಒಟ್ಟಿಗೆ ದೀಪ ಹಾಕುವುದಿಲ್ಲವಲ್ಲ. ಅದಕ್ಕೇ ಸೂರ್ಯಾಸ್ತಕ್ಕೆ ಮೊದಲೇ ಟ್ರೈಪಾಡ್ ನಿಲ್ಲಿಸಿ, ಫೋಕಸ್ ಲಾಕ್ ಮಾಡಿ, ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 100, ಲೆನ್ಸಿನ ರಂಧ್ರ ಎಫ್/8ರಲ್ಲಿ ಎರಡು ನಿಮಿಷಕ್ಕೊಂದು ಫ್ರೇಮ್ ತೆಗೆಯುತ್ತೇನೆ. ಬದಲಾಗುವುದು ಶಟರ್ ವೇಗವೊಂದೇ. ಆಕಾಶ ಚೆನ್ನಾಗಿರುವ ಫ್ರೇಮನ್ನು ತಳಕ್ಕಿಟ್ಟು, ಆಮೇಲೆ ಹತ್ತಿದ ಕಿಟಕಿಗಳನ್ನು ಮಾಸ್ಕ್ ಮಾಡಿ (ಆ ಭಾಗವನ್ನಷ್ಟೇ ಆಯ್ದು) ಸೇರಿಸಬಹುದು. ನಡುವೆ ಟ್ರೈಪಾಡಿಗೆ ಕಾಲು ತಾಗಿದರೆ ಗ್ರಿಲ್ಲಿನ ಸಣ್ಣ ಸರಳುಗಳು ಒಂದಕ್ಕೊಂದು ಹೊಂದುವುದಿಲ್ಲ, ಆವರೆಗಿನ ಫ್ರೇಮುಗಳು ಈ ಜೋಡಣೆಗೆ ಬರುವುದಿಲ್ಲ.

ವೈಟ್ ಬ್ಯಾಲೆನ್ಸ್, ಅಂದರೆ ಯಾವ ಬೆಳಕನ್ನು ಬಿಳಿ ಎಂದು ಎಣಿಸಬೇಕೆಂಬ ಸೆಟ್ಟಿಂಗ್, ಆಟೋದಲ್ಲಿ ಬೇಡ. ಫ್ರೇಮಿನಿಂದ ಫ್ರೇಮಿಗೆ ಬಣ್ಣ ಜಿಗಿಯುತ್ತದೆ. 4000 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಆಸುಪಾಸಿನಲ್ಲಿ ಕಟ್ಟಿಹಾಕಿದರೆ ಆಕಾಶ ನೀಲಿಯಾಗಿ, 3000 ಕೆಲ್ವಿನ್‌ನ ಮನೆದೀಪ ಬೆಚ್ಚಗೆ ಉಳಿಯುತ್ತದೆ. ಒಂದೆರಡು ಮನೆಗಳ ಬಿಳಿ ಟ್ಯೂಬ್‌ಲೈಟನ್ನು ತಿದ್ದಬೇಡಿ. ಆ ವ್ಯತ್ಯಾಸವೇ ಅಲ್ಲಿ ಬೇರೆ ಬೇರೆ ಸಂಸಾರಗಳಿವೆ ಎಂದು ಹೇಳುತ್ತದೆ. ಬಾಲ್ಕನಿಯಲ್ಲಿ ಒಣಗುವ ಬಟ್ಟೆಯನ್ನೂ ನಾನು ಅಳಿಸುವುದಿಲ್ಲ.

ಆದರೆ ದೀಪ ಹತ್ತಿದ ಕಿಟಕಿಯೊಳಗೆ ಜನರಿರುತ್ತಾರೆ. ತೆಗೆಯುವ ದಿನ, ಹೊತ್ತು ಎರಡನ್ನೂ ನಿವಾಸಿಗಳಿಗೆ ಮುಂಚೆಯೇ ತಿಳಿಸಬೇಕು. ಕೊಡುವ ಮೊದಲು ಫೈಲನ್ನು ನೂರು ಪ್ರತಿಶತ ಹಿಗ್ಗಿಸಿ ಒಂದೊಂದೇ ಕಿಟಕಿ ನೋಡುತ್ತೇನೆ. ಮುಖ ಗುರುತು ಸಿಕ್ಕರೆ, ಅದೇ ಕಿಟಕಿಯನ್ನು ಯಾರೂ ಇಲ್ಲದ ಇನ್ನೊಂದು ಫ್ರೇಮಿನಿಂದ ತಂದು ಕೂರಿಸುತ್ತೇನೆ.