ಗೆಂಡೆ ಮೀನಿನ ಮೇವಿಗೆ ನ್ಯಾನೊ ಕಬ್ಬಿಣ: ಮೊದಲು ರಕ್ತ ನೋಡಿ, ಆಮೇಲೆ ಬೆರೆಸಿ

ಹೊಂಡಗಳಲ್ಲಿ ಸಾಮಾನ್ಯ ಗೆಂಡೆ ಸಾಕುವ ನಮ್ಮ ರೈತರು ಬಹುಕಾಲದಿಂದ ಹಾಕುತ್ತ ಬಂದಿರುವ ಮೇವೆಂದರೆ ಅಕ್ಕಿ ತೌಡು ಮತ್ತು ಕಡಲೆಕಾಯಿ ಹಿಂಡಿ. ಎರಡರಲ್ಲೂ ಕಬ್ಬಿಣವಿದ್ದರೂ ತೌಡಿನಲ್ಲಿರುವ ಫೈಟೇಟ್ ಎಂಬ ರಂಜಕಯುಕ್ತ ಸಂಯುಕ್ತ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಗೆಂಡೆಗೆ ಆಮ್ಲ ಸ್ರವಿಸುವ ಜಠರವೇ ಇಲ್ಲವಾದ್ದರಿಂದ ಆ ಹಿಡಿತ ಸಡಿಲವಾಗುವುದು ಕಷ್ಟ. 1ರಿಂದ 100 ನ್ಯಾನೊಮೀಟರ್ ಗಾತ್ರದ ಕಣಗಳ ರೂಪದಲ್ಲಿ ಕೊಟ್ಟರೆ ಕರುಳು ಕಬ್ಬಿಣವನ್ನು ಚೆನ್ನಾಗಿ ಹೀರಿಕೊಂಡೀತು ಎಂಬುದು ಈ ಪೂರಕದ ಹಿಂದಿರುವ ಆಲೋಚನೆ.

ಮೊದಲ ಕೆಲಸ ರಕ್ತಪರೀಕ್ಷೆ. ಒಂದು ದಿನ ಮೇವು ನಿಲ್ಲಿಸಿದ ಐದಾರು ಮೀನುಗಳನ್ನು ಲವಂಗದ ಎಣ್ಣೆ ಬೆರೆಸಿದ ನೀರಿನಲ್ಲಿ ಮಂಪರುಗೊಳಿಸಿ, ತಿಳಿದವರಿಂದ ಬಾಲದ ಬುಡದ ರಕ್ತನಾಳದಿಂದ ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮದ್ದು) ಸವರಿದ ಸಿರಿಂಜಿನಲ್ಲಿ ರಕ್ತ ತೆಗೆಸಬೇಕು. ಹಿಡಿಯುವಾಗ ಮೀನು ಹೆಚ್ಚು ಒದ್ದಾಡಿದರೆ ಗುಲ್ಮವು ಕೂಡಿಟ್ಟ ರಕ್ತಕಣಗಳನ್ನು ಹೊರಬಿಟ್ಟು, ಇಲ್ಲದ ಆರೋಗ್ಯವನ್ನು ತೋರಿಸುತ್ತದೆ. ಮೀನಿನ ಕೆಂಪು ರಕ್ತಕಣದಲ್ಲಿ ಕೋಶಕೇಂದ್ರ ಇರುವುದರಿಂದ, ಮನುಷ್ಯರ ರಕ್ತಕ್ಕೆಂದು ಹೊಂದಿಸಿದ ಯಂತ್ರದ ಎಣಿಕೆಯನ್ನು ನಂಬದೆ ಸೂಕ್ಷ್ಮದರ್ಶಕದಡಿ ಕೈಯಿಂದಲೇ ಎಣಿಸಲು ಪ್ರಯೋಗಾಲಯದವರನ್ನು ಕೇಳಿಕೊಳ್ಳಿ. ಕಬ್ಬಿಣ ಸಾಲದ ಗೆಂಡೆಯಲ್ಲಿ ಕಣಗಳು ಚಿಕ್ಕವಾಗಿ, ಬಣ್ಣಗೆಟ್ಟು ಕಾಣುತ್ತವೆ.

ಕಿವಿರು ಬಿಳಚಿದ ಮಾತ್ರಕ್ಕೆ ಕಬ್ಬಿಣದ ಕೊರತೆಯೆಂದು ತೀರ್ಮಾನಿಸಬಾರದು. ಮೈಗೆ ಅಂಟಿದ ಮೀನು ಹೇನು ರಕ್ತ ಹೀರುತ್ತಿರಬಹುದು. ರಕ್ತವೇ ಕಂದು ಬಣ್ಣಕ್ಕೆ ತಿರುಗಿದ್ದರೆ ಅದು ನೀರಿನಲ್ಲಿ ನೈಟ್ರೈಟ್ ಏರಿದ ಲಕ್ಷಣ. ಅಂಥ ಹೊಂಡಕ್ಕೆ ಬೇಕಾದದ್ದು ನೀರಿನ ಚಿಕಿತ್ಸೆಯೇ ಹೊರತು ಮೇವಿನ ಪೂರಕವಲ್ಲ.

ಕೊರತೆ ಖಚಿತವಾದ ಮೇಲೆ ಲೆಕ್ಕ. ಸಾಮಾನ್ಯ ಗೆಂಡೆಗೆ ಕಿಲೋ ಮೇವಿಗೆ ಒಟ್ಟು ಸುಮಾರು 150 ಮಿಲಿಗ್ರಾಂ ಕಬ್ಬಿಣ ಬೇಕೆಂಬುದು ಮಾನ್ಯವಾದ ಅಂದಾಜು. ನಿಮ್ಮ ಮೇವಿಗೆ ಕಿಲೋಗೆ 20 ಮಿಲಿಗ್ರಾಂ ಸೇರಿಸಲು ತಜ್ಞರು ಹೇಳಿದರು ಎನ್ನೋಣ. ಆಗ 100 ಕಿಲೋಗೆ ಬೇಕಾಗುವ ಕಬ್ಬಿಣ 2 ಗ್ರಾಂ. ನೀವು ಕೊಂಡ ನ್ಯಾನೊ ಪುಡಿ ಫೆರಿಕ್ ಆಕ್ಸೈಡ್ (ಕಬ್ಬಿಣ ಮತ್ತು ಆಮ್ಲಜನಕದ ಸಂಯುಕ್ತ) ಆಗಿದ್ದರೆ ಅದರ ತೂಕದಲ್ಲಿ ಕಬ್ಬಿಣದ ಪಾಲು ಶೇಕಡಾ 70 ಆದ್ದರಿಂದ ತೂಗಬೇಕಾದ ಪುಡಿ ಸುಮಾರು 2.9 ಗ್ರಾಂ. ಪೊಟ್ಟಣದ ಮೇಲೆ ಕಣದ ಗಾತ್ರವನ್ನಾಗಲಿ ಕಬ್ಬಿಣದ ಪ್ರಮಾಣವನ್ನಾಗಲಿ ನಮೂದಿಸದ ಸರಕನ್ನು ಕೊಳ್ಳಲೇಬೇಡಿ.

ಇಷ್ಟು ಅಲ್ಪ ಪುಡಿಯನ್ನು ರಾಶಿಗೆ ನೇರವಾಗಿ ಸುರಿದರೆ ಒಂದು ಮೀನಿಗೆ ವಿಪರೀತ, ಇನ್ನೊಂದಕ್ಕೆ ಏನೂ ಇಲ್ಲ. ಮುಖಗವಸು ಧರಿಸಿ, ಅದನ್ನು ಮೊದಲು 100 ಗ್ರಾಂ ತೌಡಿನಲ್ಲಿ, ಬಳಿಕ 1 ಕಿಲೋದಲ್ಲಿ, ಆಮೇಲೆ 10 ಕಿಲೋದಲ್ಲಿ ಹಂತಹಂತವಾಗಿ ಬೆರೆಸಿ, ಕೊನೆಗೆ ಇಡೀ ರಾಶಿಗೆ ಸೇರಿಸಬೇಕು. ಕಬ್ಬಿಣವು ತೌಡಿನ ಎಣ್ಣೆಯನ್ನು ಬೇಗ ಕಮಟುಗೊಳಿಸುತ್ತದೆ ಮತ್ತು ಕಮಟು ಮೇವು ರಕ್ತಕಣಗಳಿಗೇ ಹಾನಿಕರ. ಆದ್ದರಿಂದ ಒಂದು ವಾರಕ್ಕೆ ಆಗುವಷ್ಟನ್ನು ಮಾತ್ರ ತಯಾರಿಸಿ, ತಂಪಾದ ಒಣ ಜಾಗದಲ್ಲಿಡಿ.

ಹೋಲಿಕೆಗಾಗಿ ಒಂದು ಹೊಂಡಕ್ಕೆ ಪೂರಕ ಬೆರೆಸಿದ ಮೇವು ಹಾಕಿ, ಇನ್ನೊಂದಕ್ಕೆ ಹಳೆಯ ಮೇವನ್ನೇ ಮುಂದುವರಿಸಿ. ಎಂಟು ವಾರಗಳ ನಂತರ ಎರಡೂ ಹೊಂಡಗಳ ಮೀನುಗಳ ರಕ್ತವನ್ನು ಒಂದೇ ದಿನ, ಒಂದೇ ಹೊತ್ತಿನಲ್ಲಿ ತೆಗೆಸಿ. ಹಿಮೋಗ್ಲೋಬಿನ್ ಎರಡರಲ್ಲೂ ಸಮನಾಗಿದ್ದರೆ ಪೂರಕವನ್ನು ಅಲ್ಲಿಗೇ ನಿಲ್ಲಿಸಿ.