ವೈಫೈ ಡ್ರೈವರ್ ಹಿಂದೆ ಬಿದ್ದ ಕಥೆ

ಹಳೇ ಲ್ಯಾಪ್‌ಟಾಪಿಗೆ ವಿಂಡೋಸ್ 10 ಹೊಸದಾಗಿ ಹಾಕಿದೆ. ಎಲ್ಲ ಸರಿಯಾಯಿತು, ವೈಫೈ ಒಂದು ಬಿಟ್ಟು. ಕಂಪ್ಯೂಟರಿನ ಬಿಡಿಭಾಗಗಳ ಪಟ್ಟಿ ತೋರಿಸುವ ಡಿವೈಸ್ ಮ್ಯಾನೇಜರ್ ತೆರೆದರೆ 'ನೆಟ್‌ವರ್ಕ್ ಕಂಟ್ರೋಲರ್' (ಅಂದರೆ ವೈಫೈ ಕಾರ್ಡ್) ಪಕ್ಕ ಹಳದಿ ಗುರುತು. ಪ್ರಾಪರ್ಟೀಸ್‌ನಲ್ಲಿ ಕೋಡ್ 28, ಅಂದರೆ ಆ ಕಾರ್ಡನ್ನು ನಡೆಸಲು ವಿಂಡೋಸ್‌ಗೆ ಬೇಕಾದ ತಂತ್ರಾಂಶ, ಡ್ರೈವರೇ ಇಲ್ಲ. ಡ್ರೈವರ್ ತರಲು ಇಂಟರ್ನೆಟ್ ಬೇಕು, ಇಂಟರ್ನೆಟ್‌ಗೆ ಡ್ರೈವರ್ ಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು!

ಆಂಡ್ರಾಯ್ಡ್ ಫೋನನ್ನು ಕೇಬಲ್‌ನಲ್ಲಿ ಜೋಡಿಸಿ ಫೋನಿನ ಇಂಟರ್ನೆಟ್ ಲ್ಯಾಪ್‌ಟಾಪಿಗೂ ಸಿಗುವಂತೆ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದೆ. ಅದಕ್ಕೆ ಬೇಕಾದ ಡ್ರೈವರ್ ವಿಂಡೋಸ್‌ನಲ್ಲೇ ಇರುತ್ತದೆ. ನೆಟ್ ಬಂತು.

ಎಡವಿದ್ದು ಆಮೇಲೆ. ತಯಾರಕರ ಸೈಟಿನಲ್ಲಿ ನನ್ನ ಮಾಡೆಲ್ ಹುಡುಕಿದರೆ ಮೂರು ವೈಫೈ ಡ್ರೈವರ್! ಮೊದಲನೆಯದನ್ನು ಹಾಕಿದೆ. 'ಇನ್‌ಸ್ಟಾಲ್ ಆಯಿತು' ಅಂದಿತು, ಹಳದಿ ಗುರುತು ಮಾತ್ರ ಹೋಗಲಿಲ್ಲ. ಎರಡನೆಯದೂ ಅಷ್ಟೇ. ಸುಮ್ನೆ ಅರ್ಧ ದಿನ ಹಾಳು. ಒಂದೇ ಮಾಡೆಲ್‌ಗೆ ಬೇರೆ ಬೇರೆ ಕಂಪನಿಯ ಕಾರ್ಡ್ ಹಾಕಿರುತ್ತಾರೆ ಎಂದು ಆಗ ಹೊಳೆಯಿತು. ಲ್ಯಾಪ್‌ಟಾಪಿನ ಹೆಸರು ನೋಡಿ ಡ್ರೈವರ್ ಹುಡುಕಿದ್ದೇ ತಪ್ಪು.

ಪ್ರಾಪರ್ಟೀಸ್‌ನ ಡೀಟೇಲ್ಸ್ ಟ್ಯಾಬ್‌ನಲ್ಲಿ 'ಹಾರ್ಡ್‌ವೇರ್ ಐಡೀಸ್' ಆರಿಸಿದರೆ ಉದ್ದನೆಯ ಒಂದು ಸಾಲು ಸಿಗುತ್ತದೆ. ಅದರಲ್ಲಿ 'ವೆನ್' ಮುಂದಿನ ನಾಲ್ಕು ಅಕ್ಷರ ಚಿಪ್ ಕಂಪನಿಯದು, 'ಡೆವ್' ಮುಂದಿನದು ಆ ಚಿಪ್‌ನದು. 8086 ಎಂದಿದ್ದರೆ ಇಂಟೆಲ್. ತನ್ನ 1978ರ ಪ್ರೊಸೆಸರಿನ ನಂಬರನ್ನೇ ಇಟ್ಟುಕೊಂಡಿದೆ, ಮಜಾ ಅಲ್ವಾ? ಡೌನ್‌ಲೋಡ್ ಮಾಡಿದ ಡ್ರೈವರ್ ಫೋಲ್ಡರಿನಲ್ಲಿ, ಅದು ಯಾವ ಯಾವ ಸಾಧನಕ್ಕೆ ಎಂದು ಬರೆದಿರುವ ಐಎನ್‌ಎಫ್ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ಇದೇ ಐಡಿ ಹುಡುಕಿದೆ. ಮೊದಲ ಎರಡರಲ್ಲಿ ಇಲ್ಲ, ಮೂರನೆಯದರಲ್ಲಿ ಇದೆ. ಹಾಕುವ ಮೊದಲೇ ಈ ಎರಡು ನಿಮಿಷದ ಕೆಲಸ ಮಾಡಿದ್ದರೆ ಸಾಕಿತ್ತು.

'ಅಪ್‌ಡೇಟ್ ಡ್ರೈವರ್' ಒತ್ತಿ, ಕಂಪ್ಯೂಟರಿನಲ್ಲೇ ಹುಡುಕು ಎಂಬುದನ್ನು ಆರಿಸಿ, ಆ ಫೋಲ್ಡರ್ ತೋರಿಸಿದೆ. ಹಳದಿ ಗುರುತು ಹೋಯಿತು.

ಮರುದಿನ ಲ್ಯಾಪ್‌ಟಾಪ್ ನಿದ್ದೆಯಿಂದ ಎದ್ದರೆ ವೈಫೈ ಮತ್ತೆ ಮಾಯ! ಈ ಸಲ ಕೋಡ್ 10: ಡ್ರೈವರ್ ಇದೆ, ಆದರೆ ಸಾಧನ ಶುರುವಾಗುತ್ತಿಲ್ಲ. ರೀಸ್ಟಾರ್ಟ್ ಮಾಡಿದರೆ ಸರಿ, ಮಲಗಿಸಿ ಎಬ್ಬಿಸಿದರೆ ಅದೇ ಹಾಡು. ಹಾಗಾಗಿ ಪವರ್ ಮ್ಯಾನೇಜ್‌ಮೆಂಟ್ ಟ್ಯಾಬ್ ಮೇಲೆ ಅನುಮಾನ ಬಂತು. ವಿದ್ಯುತ್ ಉಳಿಸಲು ಈ ಸಾಧನವನ್ನು ಆಫ್ ಮಾಡಬಹುದು ಎಂಬ ಸಾಲಿನ ಟಿಕ್ ತೆಗೆದೆ. ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಈ ಟ್ಯಾಬ್ ಕಾಣುವುದೇ ಇಲ್ಲ, ನನ್ನದು ಹಳೆಯದಾಗಿದ್ದೇ ಒಳ್ಳೆಯದಾಯಿತು. ಆಮೇಲೆ ಎಷ್ಟು ಸಲ ಮಲಗಿಸಿದರೂ ವೈಫೈ ಕೈಕೊಟ್ಟಿಲ್ಲ.

ಆ ಮೂರನೇ ಫೋಲ್ಡರ್ ಈಗ ವಿಂಡೋಸ್ ಹಾಕುವ ಪೆನ್‌ಡ್ರೈವ್‌ನಲ್ಲೇ ಇದೆ.